ಹುರಳಿಯ ಗೊರಸು

ಮುಂಬಯಿಯಲ್ಲಿ ಕುದುರೆಯ ಕಾಲು ಹಿಡಿದು ಬದುಕಿದವರಲ್ಲಿ ನನಗಿಂತ ದೊಡ್ಡವನು ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಕೆಲಸ ನೋಡಿ ನಾಚಿ ಬೇರೆ ಕಸುಬು ಹಿಡಿದಿರಬೇಕು. ನನ್ನ ಹೆಸರು ಶರೀಫ, ಮನೆತನ ನಾಲಬಂದ. ನಾಲಬಂದ ಎಂದರೆ ಲಾಳ ಹೊಡೆಯುವವನು. ಇಂಡಿ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಯ ನಮ್ಮೂರಲ್ಲಿ, ನಮ್ಮಜ್ಜ ಓಡುತ್ತಿರುವ ಕುದುರೆಗೆ ಲಾಳ ಹೊಡೆಯಲು ಶುರು ಮಾಡಿ, ಕೊನೆಯ ಮೊಳೆಯನ್ನು ಮುಂದಿನ ಊರಲ್ಲಿ ಬಡಿದು, ಅಲ್ಲಿಂದ ನಡೆದುಕೊಂಡು ಮನೆಗೆ ಬರುತ್ತಿದ್ದ. ಅಷ್ಟು ನನ್ನಿಂದಾಗದು. ನಾನು ಹೊಡೆಯುವಾಗ ಕುದುರೆ ನಿಂತೇ ಇರುತ್ತದೆ. ಆದರೆ ಹೊಡೆದದ್ದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ.

ನಲವತ್ತು ವರ್ಷಗಳಲ್ಲಿ ನಾಲ್ಕು ಲಕ್ಷ ಗೊರಸುಗಳಿಗೆ ಲಾಳ ಹೊಡೆದಿದ್ದೇನೆ. ಈ ಊರಿನಲ್ಲಿ ಅಷ್ಟು ಕುದುರೆಗಳೇ ಇರಲಿಲ್ಲ ಎನ್ನುವವರಿದ್ದಾರೆ. ಅವರು ಕೂತು ಎಣಿಸುವ ಜನ, ನಾನು ಬಗ್ಗಿ ದುಡಿಯುವ ಜನ. ವಿಕ್ಟೋರಿಯಾ ಕುದುರೆಗಾಡಿಗಳು ರಸ್ತೆಯಿಂದ ಮರೆಯಾದ ಮೇಲೆ ನನ್ನ ಪಾಲಿಗೆ ಉಳಿದದ್ದು ಮದುವೆಯ ಕುದುರೆಗಳು. ಆಂಟಾಪ್ ಹಿಲ್‌ನಲ್ಲಿ ನಮ್ಮ ಚಾಳಿನ ಹಿಂದೆಯೇ ಶಾಹೀದನ ತಬೇಲಾ, ಕುದುರೆ ಲಾಯ. ಅವನ ಹತ್ತಿರ ಮದುಮಗನನ್ನು ಹೊರುವ ಆರು ಬಿಳಿ ಹೆಣ್ಣುಕುದುರೆಗಳು. ಏಳನೆಯದೊಂದು ಕಂದು ಬಣ್ಣದ್ದು. ಈ ಕಥೆ ಆ ಏಳನೆಯದರದ್ದು; ನಡುನಡುವೆ ನನ್ನದೂ ಬರುತ್ತದೆ, ಅದಕ್ಕೆ ಉಪಾಯವಿಲ್ಲ.

ಪಂಢರಪುರದ ಕಡೆ ಬಿಳಿ ಕುದುರೆ ತರಲು ಹೋದ ಶಾಹೀದ, ಕುರಿಗಾರರ ಹತ್ತಿರ ಇದನ್ನು ಕಂಡು ಖರೀದಿಸಿ ತಂದಿದ್ದ. ಟ್ರಕ್ಕಿನಿಂದ ಇಳಿಯುತ್ತಿದ್ದಂತೆಯೇ ನಾನು ಗುರುತು ಹಿಡಿದೆ. ಭೀಮಥಡಿ. ನಮ್ಮ ನದಿಯ ದಂಡೆಯ ತಳಿ. ಎತ್ತರ ನನ್ನ ಎದೆಯವರೆಗೆ, ಎದೆ ಮಾತ್ರ ಮನೆಯ ಬಾಗಿಲಿನಷ್ಟು ಅಗಲ. ಕುರಿಗಾರರು ಊರೂರು ಅಲೆಯುವಾಗ ಅವರ ಸಂಸಾರವೆಲ್ಲ ಇದರ ಬೆನ್ನ ಮೇಲೆ: ಪಾತ್ರೆ, ಕಂಬಳಿ, ಹಿಟ್ಟಿನ ಚೀಲ, ದಾರಿಯಲ್ಲಿ ಹುಟ್ಟಿದ ಕುರಿಮರಿ, ಎಲ್ಲದರ ಮೇಲೆ ಒಂದು ಕೋಳಿ. ಯಾರೂ ಹಗ್ಗ ಹಿಡಿಯುವುದಿಲ್ಲ. ಹಿಂಡಿನ ಹಿಂದೆ ತಾನೇ ನಡೆಯುತ್ತದೆ. ಶಾಹೀದ ಅದಕ್ಕೆ ರಾಣಿ ಎಂದು ಹೆಸರಿಟ್ಟ. ಹುರಿದ ಹುರಳಿಯ ಬಣ್ಣದ ಮೈ ನೋಡಿ ನಾನು ಹುರಳಿ ಎಂದೆ. ಅದು ನನ್ನ ಕಡೆಗೇ ತಿರುಗಿತು. ಹುರಳಿ ಎಂದರೆ ಯಾವ ಕುದುರೆ ತಿರುಗುವುದಿಲ್ಲ ಎಂದು ಶಾಹೀದ ನಕ್ಕ.

ಅವತ್ತೇ ನಾನು ಅದಕ್ಕೆ ಲಾಳ ಹೊಡೆದೆ. ನಾಲ್ಕು ಕಾಲು, ಹನ್ನೊಂದು ನಿಮಿಷ. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಇಬ್ಬರೇ ಇದ್ದರು, ಆದರೂ ಚಪ್ಪಾಳೆ ಚಪ್ಪಾಳೆಯೇ. ಆ ಹನ್ನೊಂದು ನಿಮಿಷದ ಕಥೆಯನ್ನು ನಾನು ಮುಂದಿನ ಆರು ತಿಂಗಳು ಆಂಟಾಪ್ ಹಿಲ್‌ನ ಪ್ರತಿ ಚಹಾದಂಗಡಿಯಲ್ಲಿ ಹೇಳಿದ್ದೇನೆ. ಕೆಲವು ಅಂಗಡಿಗಳಲ್ಲಿ ಅದು ಏಳು ನಿಮಿಷಕ್ಕೆ ಇಳಿದಿತ್ತು.

ಹುರಳಿ ಮಾತ್ರ ಮದುವೆಗೆ ಒದಗಲಿಲ್ಲ. ಟಾರು ರಸ್ತೆಗೆ ಬಂದರೆ ಕಾದ ಹೆಂಚಿನ ಮೇಲೆ ಇಟ್ಟಂತೆ ಕಾಲಿಡುವುದು. ಪರೇಲ್‌ನ ಒಂದು ಮದುವೆ ಮಂಟಪದ ಎದುರು ಮದುಮಗನನ್ನು ಹೊತ್ತುಕೊಂಡು ನಡುರಸ್ತೆಯಲ್ಲಿ ನಿಂತದ್ದು ಕದಲಲೇ ಇಲ್ಲ. ಬ್ಯಾಂಡಿನವರು ಬಾರಿಸಿ ಬಾರಿಸಿ ಬಾಯಿ ಒಣಗಿಸಿಕೊಂಡರು. ಮದುಮಗ ಇಳಿದು ನಡೆದುಕೊಂಡು ಹೋಗಿ ಮದುವೆಯಾದ.

ಶಾಹೀದ ಕೈಚೆಲ್ಲಿದ. "ಚಾಚಾ, ಇದು ಮೊಂಡ ಐತಿ. ಸೋಮವಾರ ಭಿವಂಡಿ ಕಡೀಂದ ಟೆಂಪೋ ಬರ್ತೈತಿ. ಇಟ್ಟಂಗಿ ಭಟ್ಟಿಗೆ ಕೊಟ್ಟ ಬಿಡ್ತೀನಿ."

"ಭಟ್ಟಿಗೆ ಹ್ವಾದ ಕುದುರಿ ಎರಡ ಮಳಿಗಾಲ ಕಾಣಂಗಿಲ್ಲೋ."

"ಮತ್ತ ನೀವು ಇಟಗೋರಿ. ನಿಮ್ಮ ಮನ್ಯಾಗ ಹಾಸಗಿ ಎಷ್ಟ ಅದಾವ?"

ನಮ್ಮದು ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ. ಹೆಂಡತಿ ಹಲೀಮಾ ನನ್ನನ್ನೇ ಕಷ್ಟಪಟ್ಟು ಇಟ್ಟುಕೊಂಡಿದ್ದಾಳೆ. ಆಗ ನೆನಪಾದವರು ಬೊರಿವಲಿಯ ಧಾತ್ರಿ ಮೇಡಂ. ಮೈಸೂರು ಕಡೆಯವರು, ವೈದ್ಯರು. ಸಮುದ್ರದ ನೀರು ಒಳಹೊಗುವ ಗೊರಾಯಿ ಖಾಡಿಯ ಕಡೆ ಒಂದು ಕಾಂಪೌಂಡಿನಲ್ಲಿ, ಬೆನ್ನು ಕಾಲು ಸರಿಯಾಗಿ ನಿಲ್ಲದ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ನಡೆಸುತ್ತಾರೆ. ಕುದುರೆ ನಡೆದಂತೆ ಮಕ್ಕಳ ಬೆನ್ನು ತಾನೇ ನೆಟ್ಟಗಾಗುತ್ತದಂತೆ. ಅವರ ಹಳೆಯ ಕುದುರೆಯ ಗೊರಸು ಕೆತ್ತಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಅದು ಮುದಿಯಾಗಿ ಸತ್ತು, ಅವರು ಇನ್ನೊಂದನ್ನು ಹುಡುಕುತ್ತಿದ್ದರು. ಫೋನು ಮಾಡಿದೆ.

"ಶರೀಫ್ ಸಾಬ್ರೆ, ಕುದುರೆ ಸಾಧುನಾ?"

"ಸಾಧು ಅಲ್ರೀ ಮೇಡಂ, ಸಂತ."

"ಹಾರ್ನ್ ಗೀರ್ನ್‌ಗೆಲ್ಲ ಬೆದರಲ್ವಾ? ಅದು ಒಂದ್ಸಲ ಹಾರಿದ್ರೆ ಹಿಡ್ಕೊಂಡು ಕೂರೋ ಶಕ್ತಿ ಇಲ್ಲ ನಮ್ಮ ಮಕ್ಕಳಿಗೆ."

"ಬೆದರೂದಾ? ಟ್ರಕ್ಕಿನ ಹಾರ್ನ್ ಕೇಳಿದ್ರ ಅದಕ್ಕ ನಿದ್ದಿ ಬರ್ತೈತ್ರಿ."

"ಹಾಗಾದ್ರೆ ಟೆಂಪೋಲಿ ಕಳಿಸಿ, ನೋಡ್ತೀನಿ."

ಇಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. "ಟೆಂಪೋ ಯಾಕ್ರಿ? ರವಿವಾರ ನಾನಾ ಏರಿಕೊಂಡ ಬರ್ತೀನಿ. ಆಂಟಾಪ್ ಹಿಲ್‌ದಿಂದ ಬೊರಿವಲಿ. ಇಡೀ ಮುಂಬೈ ಟ್ರಾಫಿಕ್ ದಾಟಿ ಬಂದ ಕುದುರಿ ಅಂದ್ರ ಮತ್ತ್ಯಾನ ಪರೀಕ್ಷಾ ಬೇಕ್ರಿ?"

ಮೇಡಂ ಆ ಮಾತನ್ನೇ ಹಿಡಿದುಕೊಂಡರು. "ಸರಿ. ಮಾತು ನಿಮ್ಮದೇ. ಸವಾರಿ ಮಾಡ್ಕೊಂಡು ನಮ್ಮ ಗೇಟೊಳಗೆ ಬಂದ್ರೆ ಕುದುರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ ನಾನು ಬೇರೆ ನೋಡ್ತೀನಿ."

ನಾನು ಕುದುರೆ ಸವಾರಿ ಮಾಡಿದ್ದೇನೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಚಟ ನನಗಿಲ್ಲ. ನಾಲ್ಕು ಲಕ್ಷ ಗೊರಸುಗಳನ್ನು ತೊಡೆಯ ಮೇಲಿಟ್ಟುಕೊಂಡವನು ನಾನು. ಆದರೆ ಒಂದೇ ಒಂದು ಕುದುರೆಯ ಬೆನ್ನ ಮೇಲೆ ಕೂತವನಲ್ಲ. ನನ್ನ ಮದುವೆಯಲ್ಲಿ ಕೂಡ ನನ್ನನ್ನು ಸೈಕಲ್ಲಿನಲ್ಲಿ ಕರೆದೊಯ್ದಿದ್ದರು.

ಹಲೀಮಾಳಿಗೆ ಅದು ಗೊತ್ತಿತ್ತು. ಶನಿವಾರ ರೊಟ್ಟಿ ಬಡಿಯುತ್ತ ಅಂದಳು, "ಕುದುರಿ ಕಾಲಿಗೆ ನಾಲ ಹೊಡದದ್ದ ಸಾಕು. ನಿಮ್ಮ ನಾಲಗಿಗೊಂದ ಹೊಡಕೋರಿ. ಸವದ ಹೋಗೇತಿ."

"ರಕ್ತದಾಗ ಬಂದಿರ್ತೈತೇ. ನಮ್ಮಜ್ಜ..."

"ನಿಮ್ಮಜ್ಜನ್ನ ಬಿಡ್ರಿ. ಅವಾ ಸತ್ತ ಐವತ್ತ ವರ್ಸ ಆತು, ಇನ್ನಾ ಓಡಾಕತ್ತಾನ." ಎರಡು ರೊಟ್ಟಿ, ಪುಂಡಿಪಲ್ಲೆ ಕಟ್ಟಿ ಚೀಲಕ್ಕೆ ಹಾಕಿದಳು. ಆಮೇಲೆ ಸಣ್ಣ ದನಿಯಲ್ಲಿ, "ಬಿದ್ದರ ಫೋನ್ ಮಾಡ್ರಿ. ಬೀಳಲಿಲ್ಲಂದ್ರೂ ಮಾಡ್ರಿ," ಅಂದಳು.

ರವಿವಾರ ಬೆಳಗಿನ ನಮಾಜು ಮುಗಿಸಿ ತಬೇಲಾಕ್ಕೆ ಹೋದೆ. ಹೆಗಲಿಗೆ ಕಸುಬಿನ ಚೀಲ. ಸುತ್ತಿಗೆ, ಇಕ್ಕಳ, ಅರ ಇಲ್ಲದೆ ನಾನು ಮಸೀದಿಗೂ ಹೋದವನಲ್ಲ. ಹುರಳಿಯ ಬೆನ್ನಿಗೆ ಜೀನು ಬಿಗಿದು ಹಾರಿ ಕೂತೆ. ಚಿರತೆಯ ಹಾಗೆ ಹಾರಿದೆ ಎಂದು ಹೇಳಬಹುದಿತ್ತು. ಆದರೆ ಶಾಹೀದ ನೋಡುತ್ತಿದ್ದ. ಮೊದಲ ಸಲ ಈ ಕಡೆಯಿಂದ ಹತ್ತಿ ಆ ಕಡೆ ಇಳಿದೆ. ಎರಡನೆಯ ಸಲ ಅವನು ಕಾಲು ಹಿಡಿದುಕೊಂಡ. ಹುರಳಿ ಕಲ್ಲಿನ ಕಂಬದ ಹಾಗೆ ನಿಂತಿತ್ತು. ಒಮ್ಮೆ ಕತ್ತು ತಿರುಗಿಸಿ ಬೆನ್ನಿಗೇರಿದ ಈ ಹೊಸ ಗಂಟು ಕೋಳಿಯೋ ಹಿಟ್ಟಿನ ಚೀಲವೋ ಎಂದು ನೋಡಿಕೊಂಡಿತು.

"ಚಾಚಾ, ಸಂಜಿಗೆ ವಾಪಸ್ ತಂದ್ರ ನಾಳಿ ಟೆಂಪೋದವಗ ಬ್ಯಾಡ ಅನ್ನಾಕ ಆಗಂಗಿಲ್ಲ ನೋಡ್ರಿ," ಎಂದ ಶಾಹೀದ.

"ವಾಪಸ್ ತರವರ ಮಾರಿ ಏನೋ ಇದು?," ಎಂದೆ.

ಸಾಯನ್ ಮುಟ್ಟುವಷ್ಟರಲ್ಲಿ ನನಗೆ ಎರಡು ವಿಷಯ ತಿಳಿದವು. ಮೊದಲನೆಯದು, ಮನುಷ್ಯನ ತೊಡೆಯಲ್ಲಿ ದೇವರು ಅನೇಕ ನರಗಳನ್ನು ಇಟ್ಟಿದ್ದಾನೆ. ಎರಡನೆಯದು, ಹುರಳಿಗೆ ನನ್ನ ಮಾತು ಬೇಕು. ನಾನು ಬಡಾಯಿ ಹೇಳುತ್ತಿದ್ದರೆ ಅದರ ಎಡಗಿವಿ ಹಿಂದಕ್ಕೆ ತಿರುಗಿ ನನ್ನ ಬಾಯಿಯ ಕಡೆ ನಿಲ್ಲುತ್ತಿತ್ತು, ಕಾಲು ನಡೆಯುತ್ತಿತ್ತು. ಮಾತು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಕುರಿಗಾರರು ಹಗಲೆಲ್ಲ ಕುರಿಗೆ, ನಾಯಿಗೆ, ಹೆಂಡತಿಗೆ ಏನಾದರೊಂದು ಕೂಗುತ್ತಲೇ ನಡೆಯುತ್ತಾರೆ. ಆ ಸದ್ದು ನಿಂತರೆ ಬಿಡಾರ ಬಂತು ಎಂದು ಅರ್ಥ. ನನ್ನ ಮಾತು ಕೇಳಿ ಜನ ಎದ್ದು ಹೋಗುವುದನ್ನು ಕಂಡಿದ್ದೇನೆ. ಕೇಳಲೆಂದೇ ನಡೆಯುವ ಜೀವ ಇದೇ ಮೊದಲು. ಇನ್ನೇನು ಬೇಕು? ನಮ್ಮಜ್ಜನಿಂದ ಶುರು ಮಾಡಿದೆ.

ಸಿಗ್ನಲ್ಲಿನಲ್ಲಿ ಟ್ರಾಫಿಕ್ ಹವಾಲ್ದಾರನೊಬ್ಬ ಕೈ ಅಡ್ಡ ಹಿಡಿದ. ನನ್ನನ್ನು, ಕುದುರೆಯನ್ನು, ಮತ್ತೆ ನನ್ನನ್ನು ನೋಡಿದ. "ಕಾಯ್ ಮಾಮಾ, ಹೆಲ್ಮೆಟ್ ಕುಠೆ?" ಹೆಲ್ಮೆಟ್ ಎಲ್ಲಿ ಎಂದು.

"ಸಾಹೇಬ, ಇದರ ತಲಿಯಷ್ಟ ದೊಡ್ಡದು ಎಲ್ಲಿ ಸಿಗ್ತೈತ್ರಿ?" ಎಂದು ಹಿಂದಿಯಲ್ಲಿ ಕೇಳಿದೆ. ಅವನು ನಕ್ಕು ಸಿಗ್ನಲ್ ಹಸಿರಾಗುವ ಮೊದಲೇ ನನ್ನನ್ನು ಬಿಟ್ಟ. ಹಿಂದೆ ನಿಂತಿದ್ದ ಸಿಟಿ ಬಸ್ಸು ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. ನಾನು ಬೆಚ್ಚಿ ಜೀನು ಹಿಡಿದುಕೊಂಡೆ. ಹುರಳಿ ಕಣ್ಣು ಕೂಡ ಮಿಟುಕಿಸಲಿಲ್ಲ. ಮೇಡಂಗೆ ಹೇಳಿದ ಮಾತು ಒಂದಾದರೂ ನಿಜವಾಯಿತಲ್ಲ ಎಂದು ನನಗೇ ಆಶ್ಚರ್ಯ.

ಆದರೆ ಅದು ನೆಟ್ಟಗೆ ಹೋಗುತ್ತಿರಲಿಲ್ಲ. ರಸ್ತೆಯ ನಡುವಿನಿಂದ ಮೆಲ್ಲಗೆ ಅಂಚಿಗೆ ಸರಿದು, ಮಣ್ಣು ಸಿಕ್ಕಲ್ಲಿ ಮಣ್ಣಿಗಿಳಿಯುವುದು. ಗಟಾರದ ಪಕ್ಕದ ಮೊಳದಗಲದ ಮಣ್ಣೂ ಅದಕ್ಕೆ ಸಾಕು. ಹುಲ್ಲಿನಾಸೆ ಎಂದುಕೊಂಡೆ, ಬಾಯಿ ಹಾಕಲಿಲ್ಲ. ಬಾಂದ್ರಾದ ಗಾಜಿನ ಆಫೀಸುಗಳ ಹಿಂದೆ ಖಾಡಿಯ ಪಕ್ಕ ಒಂದು ಹಸಿಮಣ್ಣಿನ ಹಾದಿ ಸಿಕ್ಕಿತು. ಅಲ್ಲಿ ಹುರಳಿ ನಡೆದದ್ದನ್ನು ಹೇಗೆ ಹೇಳಲಿ? ತುಂಬಿದ ಕೊಡ ಹೊತ್ತ ಹೆಂಗಸು ನಡೆದಂತೆ. ನನ್ನ ಸೊಂಟ, ಬೆನ್ನು, ಹೆಗಲು ಒಂದರ ಹಿಂದೊಂದು ಸಡಿಲಾಗಿ ಅದರ ನಡೆಗೆ ತೂಗತೊಡಗಿದವು. ಮಾತು ನಿಂತರೂ ಅದು ನಿಲ್ಲಲಿಲ್ಲ. ಆಚೆ ನೀರಿನಲ್ಲಿ ಬೆಳ್ಳಕ್ಕಿಗಳು ಕೂತಿದ್ದವು. ಹತ್ತು ನಿಮಿಷ ನಾನು ಒಂದು ಸುಳ್ಳನ್ನೂ ಹೇಳಲಿಲ್ಲ. ಅಂಥ ಹತ್ತು ನಿಮಿಷ ನನ್ನ ಜೀವನದಲ್ಲಿ ಮತ್ತೊಂದಿಲ್ಲ.

ಹಾದಿ ಮುಗಿದು ಹೈವೇ ಪಕ್ಕದ ಸರ್ವಿಸ್ ರೋಡು ಬಂತು. ಮೊದಲ ಹೆಜ್ಜೆ ಟಾರಿನ ಮೇಲೆ ಬಿದ್ದದ್ದೇ ತಡ, ಹುರಳಿಯ ಬೆನ್ನು ನನ್ನ ಕೆಳಗೆ ಹಲಗೆಯಾಯಿತು. ಒಂದೊಂದು ಹೆಜ್ಜೆಗೂ ಕಬ್ಬಿಣದ ಪೆಟ್ಟು ಅದರ ಕಾಲಿನಿಂದ ಹೊರಟು, ನನ್ನ ಬೆನ್ನುಮೂಳೆ ಹತ್ತಿ, ಹಲ್ಲಿಗೆ ಬಂದು ಮುಟ್ಟುತ್ತಿತ್ತು. ನಲವತ್ತು ವರ್ಷ ಕುದುರೆಯನ್ನು ಕೆಳಗಿನಿಂದ ನೋಡಿದವನು ನಾನು. ಲಾಳ ಹೊಡೆಯುವುದು, ಟಕ ಟಕ ಸದ್ದು ಕೇಳುವುದು, ಭೇಷ್ ಎನ್ನುವುದು. ಆ ಸದ್ದು ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿರಲಿಲ್ಲ.

ಅಂಧೇರಿ ದಾಟುವವರೆಗೆ ನಾನು ಅದರ ಬಗ್ಗೆ ಯೋಚಿಸದಿರಲು ಬಹಳ ಶ್ರಮಪಟ್ಟೆ. ಪೋರ್ಬಂದರದ ದೊರೆ ನನ್ನ ಕೈ ಮುಟ್ಟಿ ನೋಡಿದ ಕಥೆ ಹೇಳಿದೆ. ಹುರಳಿಯ ಕಿವಿ ತಿರುಗಲಿಲ್ಲ.

ಜೋಗೇಶ್ವರಿಯಲ್ಲಿ ಏನೋ ಅಗೆದು, ರಸ್ತೆಯ ಉದ್ದಗಲಕ್ಕೂ ಕಬ್ಬಿಣದ ತಗಡು ಹಾಸಿದ್ದರು. ಮುಂಗಾಲು ಅದರ ಮೇಲಿಟ್ಟಿತು. ಲಾಳ ಜಾರಿತು. ಹಿಂದೆ ಸರಿದು ನಿಂತಿತು. ಮತ್ತೆ ಇಟ್ಟಿತು, ಮತ್ತೆ ಜಾರಿತು. ಮೂರನೆಯ ಸಲ ಇಡಲಿಲ್ಲ. ಅದರ ಮೈ ಒಳಗಿಂದೊಳಗೆ ನಡುಗುತ್ತಿದ್ದದ್ದು ನನ್ನ ತೊಡೆಗೆ ತಿಳಿಯುತ್ತಿತ್ತು. ನಮ್ಮಜ್ಜ, ಏಳು ನಿಮಿಷದ ಲಾಳ, ಯಾವ ಕಥೆಗೂ ಅದು ಕದಲಲಿಲ್ಲ. ಇದೇ ಪರೇಲ್‌ನಲ್ಲಿ ಆದದ್ದು. ಮೊಂಡು ಎಂದು ಆಗ ಎಲ್ಲರ ಜೊತೆ ನಾನೂ ಅಂದಿದ್ದೆ.

ಇಳಿದೆ. ಬಿದ್ದೆ ಎಂದರೂ ನಡೆಯುತ್ತದೆ. ಪಕ್ಕದ ಬಿಲ್ಡಿಂಗಿನ ವಾಚ್‌ಮನ್ ಓಡಿಬಂದು ಹುರಳಿಯ ಹಗ್ಗ ಹಿಡಿದ. ಖಾಕಿ ಅಂಗಿ, ಹೆಗಲ ಮೇಲೆ ಕರಿಕಂಬಳಿ, ಬಿಳಿ ಮೀಸೆ.

"ಎಲ್ಲಿಂದ ತಂದ್ಯೋ ಮಾರಾಯಾ ಇದನ್ನ? ನಮ್ಮ ಕಡೀ ಕುದುರಿ ಇದು," ಎಂದು ಕನ್ನಡದಲ್ಲೇ ಅಂದ.

ಜತ್ತ ಕಡೆಯ ಕುರುಬ, ಹೆಸರು ಧರ್ಮಣ್ಣ. ಚಿಕ್ಕಂದಿನಲ್ಲಿ ಇಂಥ ಕುದುರೆಯ ಹಿಂದೆಯೇ ನಡೆದು ಬೆಳೆದವನು. ಬಕೆಟ್ಟಿನಲ್ಲಿ ನೀರು ತಂದಿಟ್ಟ. ಹುರಳಿ ಕುಡಿಯುತ್ತಿರುವಾಗ ನಾನು ಅದರ ಮುಂಗಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

ಬೇರೆಯವರ ಕೆಲಸವನ್ನು ನೋಡುವಂತೆ ಅವತ್ತು ನನ್ನ ಕೆಲಸವನ್ನು ನೋಡಿದೆ. ಲಾಳ ಕಿರಿದಾಗಿತ್ತು. ಮದುವೆಯ ಎತ್ತರದ ಕುದುರೆಗಳ ಅಳತೆಯದು; ಅವುಗಳ ಗೊರಸು ಸಪೂರ. ಹುರಳಿಯದು ರೊಟ್ಟಿಯ ಹಾಗೆ ದುಂಡಗೆ, ಅಗಲ. ಹನ್ನೊಂದು ನಿಮಿಷದಲ್ಲಿ ಮುಗಿಸುವ ಭರದಲ್ಲಿ ನಾನು ಲಾಳವನ್ನು ಕಾಯಿಸಿ ಅಗಲಿಸಿರಲಿಲ್ಲ. ಅರ ಹಿಡಿದು ಗೊರಸನ್ನೇ ಉಜ್ಜಿ ಲಾಳದ ಅಳತೆಗೆ ತಂದಿದ್ದೆ. ಆಮೇಲೆ ಪ್ರತಿ ತಿಂಗಳೂ ಅದೇ ಅಳತೆಗೆ ಕೆತ್ತಿ ಅದೇ ಅಳತೆಯ ಲಾಳ ಕೂರಿಸಿದ್ದೆ. ಆರು ತಿಂಗಳಲ್ಲಿ ಹಿಮ್ಮಡಿ ಒಳಗೊಳಗೇ ಒತ್ತಿ ಮುದುಡಿತ್ತು. ಲಾಳ ಗೊರಸಿಗೆ ಹೊಂದಬೇಕು, ಗೊರಸು ಲಾಳಕ್ಕಲ್ಲ: ನಮ್ಮ ಮನೆತನದಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಮಾತು. ನಮ್ಮಜ್ಜ ನಿಜವಾಗಿ ಹೇಳಿದ್ದು ಇದೊಂದೇ. ಓಡುವ ಕುದುರೆಯ ಕಥೆ ನನ್ನದು.

"ಯಾರ ಹೊಡದದ್ದಪಾ ಈ ನಾಲ?" ಧರ್ಮಣ್ಣ ಬಗ್ಗಿ ನೋಡಿದ. "ಕೈ ಮುರೀಲಿ ಅವನ್ವು. ಹೊಲ, ಅಡವಿ ತಿರಗೂ ನಮ್ಮ ಕುದುರಿಗೆ ನಾಲ ಅಂದ್ರ ಏನಂತ ಗೊತ್ತಿಲ್ಲ. ಅದರ ಗೊರಸಾ ಕಲ್ಲಿದ್ದಂಗ."

ನಾನು ಕೆಮ್ಮಿದೆ. ಯಾವನೋ ಸೊಲ್ಲಾಪುರದವನು ಎಂಬ ಮಾತು ಬಾಯಿಯ ತುದಿಗೆ ಬಂದಿತ್ತು. ಆಗ ಹುರಳಿ ನೀರು ಬಿಟ್ಟು, ಒದ್ದೆ ಮೂತಿಯನ್ನು ತಂದು ನನ್ನ ಬಗ್ಗಿದ ಬೆನ್ನ ಮೇಲಿಟ್ಟಿತು. ಭಾರ ಬಿಟ್ಟು, ಸುಮ್ಮನೆ. ಅಂಗಿ ನೆನೆಯಿತು.

"ನಾನಾ ಹೊಡದದ್ದು," ಎಂದೆ.

ಧರ್ಮಣ್ಣ ಮೀಸೆ ತಿರುವಿದ. "ಹಂಗಾರ ಈಗ ನೀನಾ ತಗಿ. ಕೈ ಆಮ್ಯಾಗ ಮುರೀಲಿ."

ನಾಲಬಂದ ನಡುರಸ್ತೆಯಲ್ಲಿ ಕೂತು ತಾನೇ ಹೊಡೆದ ಲಾಳ ಕೀಳುವುದು ನಮ್ಮ ಏಳು ತಲೆಮಾರಿನಲ್ಲಿ ಆಗಿರಲಿಲ್ಲ. ಮಡಚಿದ ಮೊಳೆಗಳ ತುದಿ ನೆಟ್ಟಗೆ ಮಾಡಿ, ಇಕ್ಕಳದಲ್ಲಿ ಒಂದೊಂದನ್ನೇ ಎಳೆದು, ಬಿರುಕು ಬಿಡದಂತೆ ಗೊರಸಿನ ಅಂಚನ್ನು ಸುತ್ತಲೂ ದುಂಡಗೆ ಉಜ್ಜಿದೆ. ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನವೇನೋ ಸೇರಿದರು, ಆದರೆ ಬಂದದ್ದು ಲಾಳಕ್ಕಾಗಿ; ಬಾಗಿಲಿಗೆ ಕುದುರೆಯ ಹಳೆಯ ಲಾಳ ಬಡಿದರೆ ಅದೃಷ್ಟ ಎಂದು ಮುಂಬಯಿಯಲ್ಲಿ ಎಲ್ಲರೂ ಬಲ್ಲರು. ಕರಿ ಕುದುರೆಯದೇ ಆಗಬೇಕು ಎಂದು ರಿಕ್ಷಾದವನೊಬ್ಬ ಗೊಣಗಿದ. ಬೇರೆ ದಿನವಾಗಿದ್ದರೆ, ಇದು ರಾತ್ರಿ ಕರಿಯೇ ಇರುತ್ತದೆ, ಬೆಳಿಗ್ಗೆ ತೊಳೆದಾಗ ಬಣ್ಣ ಹೋಗುತ್ತದೆ ಎನ್ನುತ್ತಿದ್ದೆ. ಅವತ್ತು ಸುಮ್ಮನೆ ಅವನಿಗೊಂದು ಕೊಟ್ಟೆ. ಧರ್ಮಣ್ಣನಿಗೊಂದು, ಎದುರಿನ ಪಾನಿನ ಅಂಗಡಿಯವನಿಗೊಂದು. ನಾಲ್ಕನೆಯದನ್ನು ಮಾತ್ರ ಚೀಲಕ್ಕೆ ಹಾಕಿಕೊಂಡೆ.

ಆಮೇಲೆ ಹುರಳಿಯ ಮುಂದೆ ನಿಂತು, ಹಗ್ಗವನ್ನು ಅದರ ಕತ್ತಿಗೆ ಸುತ್ತಿಬಿಟ್ಟು, ತಗಡಿನ ಮೇಲೆ ನಾನು ನಡೆದೆ. ಹಿಂದೆ ನೋಡಲಿಲ್ಲ. ನೋಡಲು ಧೈರ್ಯವಿರಲಿಲ್ಲ. ಟಕ ಟಕ ಸದ್ದಿಲ್ಲ. ಬರಿಗೊರಸಿನ ಮೆತ್ತನೆಯ ಸದ್ದು ಒಂದಾದ ಮೇಲೊಂದು ನನ್ನ ಹಿಂದೆ ಬಂತು. ಆಚೆ ದಡ ಸೇರಿದಾಗ ಅದರ ಉಸಿರು ನನ್ನ ಕುತ್ತಿಗೆಯ ಮೇಲಿತ್ತು.

"ಈಗ ಹತ್ತು," ಧರ್ಮಣ್ಣ ಕೂಗಿದ. "ಬರೇ ಮಣ್ಣ ಹುಡಿಕ್ಯಾಡಬ್ಯಾಡ, ಟಾರಿನ ಮ್ಯಾಲೂ ನಡೀತೈತಿ. ಜಲ್ಲಿಕಡಿ ಹಾಕಿದಲ್ಲಿ ಮಾತ್ರ ಇಳಿ. ಆರ ತಿಂಗಳ ಬೂಟ್ ಹಾಕ್ಕೊಂಡ ಕಾಲು ಅದು."

ಗೋರೆಗಾಂವ್, ಮಲಾಡ್, ಕಾಂದಿವಲಿ. ಬೆನ್ನು ಈಗ ಹಲಗೆಯಲ್ಲ. ಹೆಜ್ಜೆ ಇನ್ನೂ ಸ್ವಲ್ಪ ಅಳುಕುತ್ತಿತ್ತು, ಆದರೆ ಅಂಚಿಗೆ ಓಡುತ್ತಿರಲಿಲ್ಲ. ನಾನು ಕಡಿಮೆ ಮಾತಾಡಿದೆ. ಮಲಾಡಿನಲ್ಲಿ ಒಂದು ಮರದ ನೆರಳಲ್ಲಿ ನಿಂತು ಹಲೀಮಾ ಕಟ್ಟಿದ ರೊಟ್ಟಿಯಲ್ಲಿ ಒಂದನ್ನು ನಾನು ತಿಂದೆ, ಒಂದನ್ನು ಅದು ತಿಂದಿತು. ಪುಂಡಿಪಲ್ಲೆಗೆ ಮೂಸಿ ಸೀನಿತು. ಫೋನು ಮಾಡಿ, ಬಿದ್ದಿಲ್ಲ ಎಂದು ಹಲೀಮಾಳಿಗೆ ಹೇಳಿದೆ. "ಅಂದ್ರ ಎಷ್ಟ ಸಲ?" ಎಂದಳು.

ನಾಲ್ಕು ಗಂಟೆಗೆ ಬೊರಿವಲಿ. ಖಾಡಿಯ ಕಡೆ ತಿರುಗಿದರೆ ಧಾತ್ರಿ ಮೇಡಂ ಅವರ ಹಸಿರು ಗೇಟು ಕಾಣುತ್ತದೆ. ಗೇಟಿನ ಬಳಿ ಅವರು ನಿಂತಿದ್ದರು. ಆದರೆ ನಮಗೂ ಗೇಟಿಗೂ ನಡುವೆ ಇನ್ನೂರು ಹೆಜ್ಜೆಯ ರಸ್ತೆಗೆ ಹೊಸದಾಗಿ ಜಲ್ಲಿ ಸುರಿದಿದ್ದರು. ಚೂಪು ಚೂಪು ಕಪ್ಪು ಕಲ್ಲು. ಪಕ್ಕದಲ್ಲಿ ಗೋಡೆ; ಮಣ್ಣಿಲ್ಲ.

ಹುರಳಿ ನಿಂತಿತು. ನಾನು ಮೇಲೆ ಕೂತೇ ಲೆಕ್ಕ ಹಾಕಿದೆ. ಇನ್ನೂರೇ ಹೆಜ್ಜೆ. ನಾನು ಹಿಮ್ಮಡಿಯಿಂದ ಒತ್ತಿದರೆ ಅದು ನಡೆದೇ ನಡೆಯುತ್ತದೆ, ಅದರ ಜಾತಿಯೇ ಅಂಥದ್ದು. ಗೇಟು ದಾಟಿದರೆ ಅದು ಬದುಕಿತು, ನನ್ನ ಮಾತೂ ಉಳಿಯಿತು. ಇಳಿದರೆ ಸೋಮವಾರದ ಟೆಂಪೋ. ಹೀಗೆ ಯೋಚಿಸುತ್ತಿರುವಾಗಲೇ ಹುರಳಿ, ನಾನು ಏನೂ ಹೇಳದೆಯೇ, ಒಂದು ಕಾಲನ್ನು ಎತ್ತಿ ಜಲ್ಲಿಯ ಮೇಲಿಟ್ಟಿತು. ಅದರ ಬೆನ್ನು ನನ್ನ ಕೆಳಗೆ ಸಣ್ಣಗೆ ಮುದುಡಿತು.

ಇಳಿದೆ. ಜೀನೂ ಬಿಚ್ಚಿ ನನ್ನ ತಲೆಯ ಮೇಲಿಟ್ಟುಕೊಂಡೆ. ಒಂದೊಂದೇ ಹೆಜ್ಜೆ, ದೊಡ್ಡ ಕಲ್ಲುಗಳನ್ನು ಕಾಲಿನಿಂದ ಸರಿಸುತ್ತ ಮುಂದೆ ನಡೆದೆ. ಅದು ನಾನು ಇಟ್ಟಲ್ಲೇ ಕಾಲಿಡುತ್ತ ಬಂತು. ಜಲ್ಲಿ ತಂದ ಡಂಪರೊಂದು ಹಿಂದಿನಿಂದ ಹಾರ್ನ್ ಹೊಡೆದು, ಮೈಗೆ ತಾಗುವಷ್ಟು ಹತ್ತಿರ ಉರುಳಿ ಹೋಯಿತು. ಹುರಳಿ ನನ್ನ ಅಂಗಿಯ ಬೆನ್ನಿಗೆ ಮೂತಿ ತಾಗಿಸಿಕೊಂಡು ನಡೆಯುತ್ತಲೇ ಇತ್ತು.

ಧಾತ್ರಿ ಮೇಡಂ ಕೈಕಟ್ಟಿ ನೋಡುತ್ತಿದ್ದರು. "ಸವಾರಿ ಅಂದ್ರಿ ಅಲ್ವಾ ಶರೀಫ್ ಸಾಬ್ರೆ? ಇಲ್ಲಿ ಕುದುರೆ ಆರಾಮಾಗಿದೆ, ಜೀನು ನಿಮ್ಮ ತಲೆ ಮೇಲಿದೆ."

ಹೇಳಬಹುದಾದ ಸುಳ್ಳುಗಳು ನನ್ನ ಮುಂದೆ ಸಾಲಾಗಿ ನಿಂತಿದ್ದವು. ಒಂದಕ್ಕಿಂತ ಒಂದು ಚೆಂದ. "ಮೇಡಂ, ನಾ ಇವತ್ತಿನ ತನಕ ಕುದುರಿ ಏರಿದಾವಲ್ಲ," ಎಂದೆ. ಆಮೇಲೆ ನಿಲ್ಲಿಸಲಾಗಲಿಲ್ಲ. ಕಿರಿದಾದ ಲಾಳ, ಹನ್ನೊಂದು ನಿಮಿಷ, ಪರೇಲ್‌ನ ಮದುಮಗ, ಜೋಗೇಶ್ವರಿಯ ತಗಡು, ಎಲ್ಲ ಹೇಳಿದೆ. "ಮೊಂಡು ಅದಲ್ರಿ, ನಾನು. ಜಲ್ಲಿಕಡಿ ಮ್ಯಾಲೂ ಏರಿಕೊಂಡ ಬರಬೌದಿತ್ತು. ಮನಸ ಬರಲಿಲ್ಲ."

ಅವರು ಬಗ್ಗಿ ಹುರಳಿಯ ಕಾಲನ್ನು ತಾವೇ ಎತ್ತಿದರು. ಮೊಳೆಯ ತೂತುಗಳನ್ನು, ಮುದುಡಿದ ಹಿಮ್ಮಡಿಯನ್ನು ಬೆರಳಿಂದ ಒತ್ತಿ ನೋಡಿದರು. ಹುರಳಿ ನಿಂತೇ ಇತ್ತು.

"ಇದು ಸರಿಹೋಗೋಕೆ ಎಷ್ಟು ದಿನ ಬೇಕು?"

"ಹೊಸಾ ಗೊರಸ ಕೆಳಗಿಳೀಲಿಕ್ಕ ಎಂಟ ಹತ್ತ ತಿಂಗಳ್ರಿ. ಮಣ್ಣಿನ ಮ್ಯಾಲ ನಡೀಲಿಕ್ಕ ಏನೂ ತ್ರಾಸಿಲ್ಲ. ನಾಲ ಮಾತ್ರ ಹೊಡಸಬ್ಯಾಡ್ರಿ."

"ನಾಲಬಂದರು ಹೇಳೋ ಮಾತಾ ಇದು?" ಎಂದು ಅವರು ಮೊದಲ ಸಲ ನಕ್ಕರು. "ನಮ್ಮಲ್ಲಿ ಇರೋದೆಲ್ಲ ಮಣ್ಣೇ. ಆ ಡಂಪರ್ ಬಂದಾಗ ನಾನು ಕುದುರೆ ಕಿವಿ ನೋಡ್ತಿದ್ದೆ, ಒಂಚೂರೂ ಅಲುಗಾಡ್ಲಿಲ್ಲ. ನನಗೆ ಬೇರೆ ಪರೀಕ್ಷೆ ಬೇಡ, ಕುದುರೆ ಇಲ್ಲೇ ಇರ್ಲಿ. ರಂಜನಾ, ಬಾಮ್ಮ."

ಅಮ್ಮನ ಕೈ ಹಿಡಿದು ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ಕಾಲಿಗೆ ಪಟ್ಟಿ ಬಿಗಿದಿತ್ತು. ಮೇಡಂ, ಅಮ್ಮ ಇಬ್ಬರೂ ಸೇರಿ ಅವಳನ್ನು ಹುರಳಿಯ ಬೆನ್ನಿಗೆ ಹಾಸಿದ ಕಂಬಳಿಯ ಮೇಲೆ ಕೂರಿಸಿ ಎರಡೂ ಕಡೆ ಹಿಡಿದುಕೊಂಡರು. ಹುರಳಿ ನಿಂತಿತ್ತು. ಹಗ್ಗ ಎಳೆದರೂ ನಿಂತಿತ್ತು. ಎಲ್ಲರೂ ನನ್ನ ಕಡೆ ನೋಡಿದರು.

"ಅದಕ್ಕ ಮಾತ ಬೇಕ್ರಿ," ಎಂದೆ. "ಸುಮ್ಮನಿದ್ದರ ಬಿಡಾರ ಬಂತು ಅಂತ ತಿಳೀತೈತಿ."

"ಮತ್ತೆ ಮಾತಾಡಿ. ನಿಮಗೆ ಹೇಳ್ಕೊಡಬೇಕಾ?"

ಆ ಸೋಮವಾರ ಭಿವಂಡಿಯ ಟೆಂಪೋ ಬರಿದಾಗಿ ಹೋಯಿತು. ನಾಲ್ಕನೆಯ ಲಾಳವನ್ನು ಹಲೀಮಾ ನಮ್ಮ ಕೋಣೆಯ ಬಾಗಿಲಿಗೆ ಬಡಿಸಿದಳು, ಹೊರಗಿನಿಂದಲ್ಲ, ಒಳಗಿನಿಂದ. "ಹೊರಗ ಹೋಗೂಮುಂದ ಕಾಣ್ಲಿ," ಎಂದಳು. ಈಗ ಪ್ರತಿ ರವಿವಾರ ಎರಡು ಲೋಕಲ್ ಬದಲಿಸಿ ಬೊರಿವಲಿಗೆ ಹೋಗುತ್ತೇನೆ. ಮೊದಲು ಗೊರಸು ನೋಡುತ್ತೇನೆ. ಮೇಲಿನಿಂದ ಹೊಸದು ದುಂಡಗೆ, ಅಗಲವಾಗಿ ಇಳಿಯುತ್ತಿದೆ. ಆಮೇಲೆ ಹುರಳಿಯ ಮುಂದೆ ಮಾತಾಡುತ್ತ ನಡೆಯುತ್ತೇನೆ. ಹಿಂದೆ ಅದರ ಮೇಲೆ ರಂಜನಾ, ಮೊದಲಿಗಿಂತ ನೆಟ್ಟಗೆ.

ಮೊನ್ನೆ ನೀರು ಕುಡಿಯಲು ಮಾತು ನಿಲ್ಲಿಸಿದೆ. ಹುರಳಿಯೂ ನಿಂತಿತು.

"ಅಂಕಲ್, ಬಂದ್ ಯಾಕೆ ಮಾಡಿದ್ರಿ? ಬೋಲೋ ನಾ," ಎಂದಳು ರಂಜನಾ. "ನಿಮ್ಮ ದಾದಾಜಿ ಕೊನೇ ಮೊಳೆ ಎಲ್ಲಿ ಹೊಡೆದ್ರು?"

"ಮುಂದಿನ ಊರಾಗ."

"ಲಾಸ್ಟ್ ಸಂಡೇ ಮೂರನೇ ಊರು ಅಂದಿದ್ರಿ."

"ಅದು ಬ್ಯಾರೇ ಕುದುರಿ," ಎಂದೆ. ಹುರಳಿಯ ಎಡಗಿವಿ ಮೆಲ್ಲಗೆ ನನ್ನ ಕಡೆ ತಿರುಗಿತು, ಕಾಲು ಎತ್ತಿಟ್ಟಿತು.